ಹೊಳೆ ಇಳೀತಾ ಇದೆ, ಕಡವು (ಹೊಳೆ ದಾಟೋ ಕಲ್ಲುದಾರಿ) ಯಾವಾಗ ಕಟ್ಟೋದು? ನಡುಗಡ್ಡೆ ಮನೆಯವರು ಯಾರಾದ್ರೂ ಇದ್ರೆ ಹೇಳಿ

ಹೊಳೆನಡುವಿನ ಮನೆ (ಪ್ರಶ್ನೆ, ಫೆಬ್ರವರಿ 3)

ಎಲ್ರಿಗೂ ನಮಸ್ಕಾರ. ಕೊಡಗಲ್ಲಿ ಹೊಳೆ ಮಧ್ಯೆನೋ ಹಿನ್ನೀರು ಮಧ್ಯೆನೋ ಮನೆ ತೋಟ ಇರೋರು ಇಲ್ಲಿ ಯಾರಾದ್ರೂ ಇದ್ರೆ ಸ್ವಲ್ಪ ಪುರಸೊತ್ತು ಮಾಡ್ಕೊಂಡು ಓದಿ, ಸ್ವಲ್ಪ ಉದ್ದ ಇದೆ.

ನಮ್ದು ಸಿದ್ದಾಪುರಕ್ಕೂ ಕುಶಾಲನಗರಕ್ಕೂ ನಡುವೆ, ಕಾವೇರಿ ಎರಡಾಗಿ ಒಡೆದು ಮತ್ತೆ ಸೇರೋ ಒಂದು ಜಾಗ. ಮಧ್ಯದಲ್ಲಿ ಆರು ಎಕರೆ, ಅದರಲ್ಲಿ ಐದು ರೋಬಸ್ಟಾ ಕಾಫಿ, ಉಳಿದದ್ದು ಮನೆ, ಕೊಟ್ಟಿಗೆ, ಕಣ, ಕೆಲಸದವರ ಎರಡು ಲೈನ್ ಮನೆ. ಒಂದು ಪಕ್ಕ ದೊಡ್ಡ ಹೊಳೆ, ಅದರಾಚೆ ದುಬಾರೆ ಕಾಡು. ಇನ್ನೊಂದು ಪಕ್ಕ ಸಣ್ಣ ಕವಲು, ಅದು ದಾಟಿದ್ರೆ ರೋಡು. ನಿಸರ್ಗಧಾಮ ನೋಡಿದೋರಿಗೆ ಅಂದಾಜು ಸಿಗುತ್ತೆ, ಅದೂ ಕಾವೇರಿ ನಡುಗಡ್ಡೆನೇ, ಅಲ್ಲಿ ತೂಗುಸೇತುವೆ ಇದೆ, ನಮಗೆ ತೆಪ್ಪ. ಮಳೆಗಾಲದಲ್ಲಿ ನಾವು ಅಲ್ಲಿ ಇರಲ್ಲ, 2018 ಮತ್ತೆ 2019ರ ಪ್ರವಾಹ ಆದ್ಮೇಲೆ ಆ ಧೈರ್ಯ ಇಲ್ಲ. 2019ರ ಆಗಸ್ಟಲ್ಲಿ ಕರಡಿಗೋಡು, ಗುಹ್ಯ ಕಡೆ ಹೊಳೆದಂಡೆ ಮನೆಗಳು ಹೋದವಲ್ಲ, ಆವಾಗ ನಮ್ಮ ಅಡುಗೆಮನೆ ಕಿಟಕಿ ತನಕ ನೀರು ಬಂದಿತ್ತು, ಗೋಡೆ ಮೇಲೆ ಆ ಗೆರೆ ಎಷ್ಟು ಸುಣ್ಣ ಬಳಿದ್ರೂ ಮತ್ತೆ ಕಾಣುತ್ತೆ.

ವಿಷಯ ಏನಂದ್ರೆ ನಮ್ಮ ಮಾವ ಹೋದ ಮಳೆಗಾಲದಲ್ಲಿ ತೀರ್ಕೊಂಡ್ರು. ಪ್ರತಿವರ್ಷ ಚಳಿ ಮುಗಿಯೋ ಹೊತ್ತಿಗೆ ಸಣ್ಣ ಕವಲಿಗೆ ಅಡ್ಡ ಕಲ್ಲು ಜೋಡಿಸಿ ಮರಳು ಚೀಲ ಹಾಕಿ ಪಿಕಪ್ ದಾಟೋ ಹಂಗೆ ಕಡವು ಕಟ್ಟಿಸ್ತಾ ಇದ್ದಿದ್ದು ಅವ್ರು. ಯಾವ ದಿನ ಶುರು ಮಾಡ್ಬೇಕು, ಯಾವ ಜಾಗದಲ್ಲಿ ಹಾಕ್ಬೇಕು, ಯಾವಾಗ ಇನ್ನು ಸಾಕು ಅಂತ ಗಾಡಿ ರೋಡಿನ ಕಡೆ ದಾಟಿಸ್ಬೇಕು, ಇದೆಲ್ಲ ಅವರ ತಲೇಲೇ ಇತ್ತು. ನಮ್ಮವ್ರು ಇಪ್ಪತ್ತು ವರ್ಷ ಮೈಸೂರಲ್ಲಿ ಕೆಲಸ ಮಾಡಿ ಈಗ ಬಂದಿರೋದು, ನಾನೂ ಇಲ್ಲಿ ಪೂರ್ತಿ ಚಳಿಗಾಲ ಇರ್ತಿರೋದು ಇದೇ ಮೊದಲು.

ಹಾಗಾಗಿ ನಾನು ದಿನಾ ಬೆಳಿಗ್ಗೆ ಹಾಲು ಕರೆದಾದ್ಮೇಲೆ ಹೊಳೆಗೆ ಇಳಿಯೋ ಮೆಟ್ಟಿಲು ಎಣಿಸ್ತೀನಿ, ಒಟ್ಟು ಹನ್ನೊಂದು ಇದೆ ಅಂತಾರೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ದಿನ ನಾಲ್ಕು ಕಾಣ್ತಿತ್ತು, ಸಂಕ್ರಾಂತಿಗೆ ಏಳು, ಇವತ್ತು ಒಂಬತ್ತು. ಶಬ್ದನೂ ಬದಲಾಗಿದೆ. ನವೆಂಬರಲ್ಲಿ ಹೊಳೆ ಒಂದೇ ಸಮನೆ ಅನ್ನೋದು, ಈಗ ಕಲ್ಲಿಗೊಂದು ದನಿ, ಆಚೆ ದಡದಲ್ಲಿ ಬಟ್ಟೆ ಒಗೆಯೋರ ಮಾತು ಅಂಗಳದಲ್ಲಿ ಕೂತ್ರೆ ಕೇಳುತ್ತೆ, ಬೆಳಗಿನ ಬಸ್ಸಿನ ಹಾರ್ನೂ ಕೇಳುತ್ತೆ. ಹಾಲುವಾಣದ ಎಲೆ ಎಲ್ಲ ಉದುರಿ ಬರೀ ಕೆಂಪು ಹೂವು ನಿಂತಿದೆ, ಅದರ ತುಂಬ ಹಕ್ಕಿ. ಮಂಜು ಮಾತ್ರ ಹೊಳೆ ಮೇಲಿಂದ ಎದ್ದು ಹತ್ತು ಗಂಟೆ ತನಕ ಕಣದ ಮೇಲೇ ಕೂತಿರುತ್ತೆ, ರೋಡಿನಾಚೆ ತೋಟದವರ ಕಣದಲ್ಲಿ ಎಂಟಕ್ಕೇ ಬಿಸಿಲು.

ಅದೇ ನನ್ನ ಇನ್ನೊಂದು ಚಿಂತೆ. ಕೊಯ್ಲು ಅರ್ಧ ಆಗಿದೆ, ಚೆರ್ರಿ (ಕೊಯ್ದ ಕಾಫಿ ಹಣ್ಣು) ಹರಡಿ ಹದಿನೇಳು ದಿನ ಆದ್ರೂ ಮೊದಲನೇ ಗುಡ್ಡೆ ಒಣಗಿಲ್ಲ. ಎಲ್ಲಾ ಸೇರಿ ಒಂದು 70 ಚೀಲ ಆಗ್ಬಹುದು, ಇದನ್ನೆಲ್ಲ ಕಡವು ದಾಟೋಕೆ ಆಗೋ ದಿನಗಳಲ್ಲೇ ಆಚೆ ಸಾಗಿಸ್ಬೇಕು, ತೆಪ್ಪದಲ್ಲಿ ಒಂದು ಸಲಕ್ಕೆ ಎರಡು ಚೀಲಕ್ಕಿಂತ ಹಾಕೋಕೆ ನಮ್ಮ ಕೆಲಸದವರು ಒಪ್ಪಲ್ಲ, ಅದು ಸರಿನೇ. ಮತ್ತೆ ದೊಡ್ಡ ಹೊಳೆ ಕಡೆ ನೀರು ಮೊಣಕಾಲಿಗೆ ಬಂದಿರೋ ಜಾಗದಲ್ಲಿ ಮೊನ್ನೆ ಆನೆ ಹೆಜ್ಜೆ ಕಂಡ್ವು, ತೋಟದಲ್ಲಿ ಲದ್ದಿ ಬಿದ್ದಿತ್ತು, ಅದರ ತುಂಬ ಕಾಫಿ ಬೀಜ. ನೀರೂ ಒಂಥರ ವಾಸನೆ ಬರ್ತಿದೆ, ಮೇಲಿಂದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಮೆಷಿನ್) ನೀರು ಬಿಡ್ತಿದ್ದಾರೆ ಅಂತ ಕಾಣುತ್ತೆ, ಹಸು ಮೂಸಿ ನೋಡಿ ತಿರುಗಿ ಬಂತು.

ಗೊತ್ತಿರೋರು ಹೇಳಿ, ಒಂಬತ್ತು ಮೆಟ್ಟಿಲು ಕಂಡ್ರೆ ಕಡವು ಕಟ್ಟಬಹುದಾ, ಇನ್ನೂ ಕಾಯ್ಬೇಕಾ? ಕಟ್ಟಿದ್ಮೇಲೆ ಎಷ್ಟು ದಿನ ನಂಬಬಹುದು?

ಬೇತ್ರಿಯಿಂದ ಕೆಳಗೆ (ಫೆಬ್ರವರಿ 3)

ಅಕ್ಕ, ನಮ್ಮ ತೋಟನೂ ಹೊಳೆ ದಾಟಿದ ಮೇಲೇನೇ ಇರೋದು, ಪೂರ್ತಿ ನಡುಗಡ್ಡೆ ಅಲ್ಲ, ಮಳೆಗಾಲದಲ್ಲಿ ಹಿಂದಿನ ಗದ್ದೆಗೆ ನೀರು ನುಗ್ಗಿ ನಾಲ್ಕು ತಿಂಗಳು ನಡುಗಡ್ಡೆ ಆಗುತ್ತೆ. ನಾನು ಹುಟ್ಟಿ ಬೆಳೆದಿದ್ದೇ ಅಲ್ಲಿ, ಅಪ್ಪನ ಜೊತೆ ಕಡವು ಕಟ್ಟಿದ್ದೀನಿ, ಅದಕ್ಕೆ ಹೇಳ್ತೀನಿ.

ಮೆಟ್ಟಿಲು ಎಣಿಸೋದು ಒಳ್ಳೇದೇ, ಬಿಡ್ಬೇಡಿ, ಆದ್ರೆ ಎಷ್ಟು ಕಂಡಿದೆ ಅನ್ನೋದಕ್ಕಿಂತ ಎಷ್ಟು ದಿನಕ್ಕೆ ಒಂದು ಇಳೀತಿದೆ ಅಂತ ನೋಡಿ. ನೀವು ಹೇಳಿದ ಲೆಕ್ಕದಲ್ಲಿ ಸಂಕ್ರಾಂತಿಯಿಂದ ಇವತ್ತಿಗೆ ಎರಡು, ಅಂದ್ರೆ ಇನ್ನೂ ಇಳೀತಾನೇ ಇದೆ. ಇಳಿಯೋ ನೀರಲ್ಲಿ ಕಲ್ಲು ಜೋಡಿಸಿದ್ರೆ ನಾಳೆ ನೀರು ಬೇರೆ ಸಂದಿ ಹಿಡಿಯುತ್ತೆ, ಚೀಲದ ಕೆಳಗಿನ ಮರಳು ತಿಂದುಬಿಡುತ್ತೆ, ಕಟ್ಟಿದ್ದು ದಂಡ. ಒಂದು ವಾರ ಪೂರ್ತಿ ನೀರು ಅದೇ ಗೆರೇಲಿ ನಿಂತ್ರೆ ಆವಾಗ ಕಟ್ಟಿ. ನಮ್ಮ ಕಡೆ ಸಾಮಾನ್ಯ ಶಿವರಾತ್ರಿ ಹಿಂದೆಮುಂದೆ ಅದು ಬರುತ್ತೆ. ಚಳಿ ಶಿವಶಿವಾ ಅಂತ ಹೋಗೋದೂ ಆವಾಗ್ಲೇ, ನೀರು ನಿಲ್ಲೋದೂ ಆವಾಗ್ಲೇ.

ಜಾಗ ಹೇಗೆ ಗೊತ್ತಾಗೋದು ಅಂದ್ರೆ ನೀರು ಎಲ್ಲಿ ಅಗಲವಾಗಿ ತೆಳ್ಳಗೆ ಹರಿಯುತ್ತೋ ಅಲ್ಲಿ. ಕಿರಿದಾಗಿರೋ ಜಾಗ ನೋಡಿದ್ರೆ ಕೆಲಸ ಕಮ್ಮಿ ಅನ್ಸುತ್ತೆ, ಆದ್ರೆ ಅಲ್ಲೇ ಆಳ, ಅಲ್ಲೇ ಸೆಳೆತ. ಹಳೇ ಕಡವಿನ ಕಲ್ಲುಗಳು ಮಳೆಗಾಲದಲ್ಲಿ ಉರುಳಿದ್ರೂ ಬಹಳ ದೂರ ಹೋಗಿರಲ್ಲ, ಸ್ವಲ್ಪ ಕೆಳಗೆ ಪಾಚಿ ಹಿಡ್ಕೊಂಡು ಬಿದ್ದಿರ್ತವೆ, ಒಂದೇ ಅಳತೆಯ ಕಲ್ಲು ಗುಂಪಾಗಿ ಕಂಡ್ರೆ ಅದು ನಿಮ್ಮ ಮಾವನವರ ಕಲ್ಲೇ. ನೀರಿಗೆ ದಾರಿ ಪೂರ್ತಿ ಮುಚ್ಚಬೇಡಿ, ಮಧ್ಯೆ ಎರಡು ಮೂರು ಕಡೆ ಸಿಮೆಂಟ್ ಪೈಪ್ ಇಟ್ಟು ಅದರ ಮೇಲೆ ಚೀಲ ಹಾಕಿ.

ಎಷ್ಟು ದಿನ ನಂಬಬಹುದು ಅಂದ್ರೆ, ಇದು ಗಮನ ಇಟ್ಟು ಕೇಳಿ. ನಮ್ಮ ಮೇಲ್ಗಡೆ ಕಾವೇರಿಗೆ ಡ್ಯಾಮ್ ಇಲ್ಲ, ಡ್ಯಾಮ್ ಇರೋ ಹಾರಂಗಿ ಹೊಳೆ ಬಂದು ಸೇರೋದು ಕೂಡಿಗೆ ಹತ್ರ, ನಮ್ಗಿಂತ ಕೆಳಗೆ. ಹಾಗಾಗಿ ಗೇಟ್ ತೆಗೆದ್ರು ಅನ್ನೋ ಭಯ ಇಲ್ಲ. ಆದ್ರೆ ಹೊಳೆಯ ಮೇಲ್ಗಡೆ ಭಾಗಮಂಡಲ, ನಾಪೋಕ್ಲು ಕಡೆ ಸಾಯಂಕಾಲ ಗುಡುಗು ಮಳೆ ಹೊಡೆದ್ರೆ ನಮ್ಮಲ್ಲಿ ಒಂದು ಹನಿ ಬೀಳದೇ ಇದ್ರೂ ಆಮೇಲೆ ಹೊಳೆ ಕೆಂಪಾಗಿ ಬರುತ್ತೆ. ಮೊದಲು ನೊರೆ, ಆಮೇಲೆ ಒಣಗಿದ ಎಲೆ ಕಡ್ಡಿ, ಆಮೇಲೆ ಬಣ್ಣ. ನೊರೆ ಕಂಡ ಕೂಡ್ಲೆ ಗಾಡಿ ರೋಡಿನ ಕಡೆ ದಾಟಿಸಿ ನಿಲ್ಸಿ, ಇನ್ನೊಂದು ಟ್ರಿಪ್ ಹೊಡೆದುಬಿಡೋಣ ಅನ್ಬೇಡಿ. ಮೇಲೆ ಪರಿಚಯದವರು ಯಾರಾದ್ರೂ ಇದ್ರೆ ಫೋನ್ ನಂಬರ್ ಇಟ್ಕೊಳ್ಳಿ, ನಾವು ನಾಪೋಕ್ಲಲ್ಲಿರೋ ಅತ್ತಿಗೆಗೆ ದಿನಾ ಸಂಜೆ ಫೋನ್ ಮಾಡಿ ಮೋಡ ಕೇಳ್ತೀವಿ.

ಕಣದ ಕಾವಲು (ಫೆಬ್ರವರಿ 4)

ಕಡವಿನ ಬಗ್ಗೆ ಮೇಲಿನವರು ಹೇಳಿದ್ದಾರೆ, ನಾನು ಕಾಫಿ ಬಗ್ಗೆ ಮಾತ್ರ ಹೇಳ್ತೀನಿ, ಯಾಕಂದ್ರೆ ಹದಿನೇಳು ದಿನ ಓದಿ ಸಂಕಟ ಆಯ್ತು.

ಒಳ್ಳೆ ಬಿಸಿಲಿದ್ರೆ ಚೆರ್ರಿ ಹನ್ನೆರಡರಿಂದ ಹದಿನೈದು ದಿನಕ್ಕೆ ಬರುತ್ತೆ, ನಿಮ್ಮಲ್ಲಿ ಬಿಸಿಲು ದಿನಕ್ಕೆ ಎರಡು ಗಂಟೆ ಕಮ್ಮಿ ಅಂದ್ಮೇಲೆ ಇಪ್ಪತ್ತು ದಿನ ಆಗೋದು ಸಹಜ, ಹೆದರಬೇಡಿ. ಆದ್ರೆ ಮಂಜು ಇರೋವಾಗ್ಲೇ ಟಾರ್ಪಲ್ ತೆಗೀತಿದ್ದೀರಾ ಅಂತ ನೋಡ್ಕೊಳ್ಳಿ. ಬಹಳ ಜನ ಏಳು ಗಂಟೆಗೆ ಕೆಲಸದವರು ಬಂದ್ರು ಅಂತ ತೆಗೆದುಬಿಡ್ತಾರೆ, ರಾತ್ರಿಯೆಲ್ಲ ಟಾರ್ಪಲ್ ಕೆಳಗೆ ಒಣಗೇ ಇದ್ದ ಕಾಫಿ ಇಬ್ಬನಿ ಕುಡಿದು ಮತ್ತೆ ಮೆತ್ತಗಾಗುತ್ತೆ, ಮಧ್ಯಾಹ್ನ ತನಕದ ಬಿಸಿಲು ಆ ಇಬ್ಬನಿ ತೆಗೆಯೋಕ್ಕೇ ಹೋಗುತ್ತೆ. ನೆಲ ಕೈಯಿಂದ ಮುಟ್ಟಿ ನೋಡಿ, ಒಣ ಆಗಿದ್ರೆ ಮಾತ್ರ ತೆಗೀರಿ, ಹತ್ತೂವರೆ ಆದ್ರೂ ಪರವಾಗಿಲ್ಲ. ಸಂಜೆ ನಾಲ್ಕೂವರೆಗೆ ಕಣ ಇನ್ನೂ ಬೆಚ್ಚಗಿರೋವಾಗ್ಲೇ ಗುಡ್ಡೆ ಮಾಡಿ ಮುಚ್ಚಿ, ಆ ಕಾವು ಒಳಗೇ ಉಳಿಯುತ್ತೆ. ಗಂಟೆಗೊಂದು ಸಲ ಕೈಯಾಡಿಸ್ತಾ ಇರ್ಬೇಕು, ದಪ್ಪ ಹರಡ್ಬೇಡಿ. ಒಂದು ಹಿಡಿ ತಗೊಂಡು ಕಿವಿ ಹತ್ರ ಕುಲುಕಿ, ಒಳಗಿನ ಬೀಜ ಗಲಗಲ ಅಂದ್ರೆ ಆಯ್ತು. ಚೀಲ ತುಂಬೋ ಮುಂಚೆ ಯಾವುದಾದ್ರೂ ಅಂಗಡೀಲಿ ತೇವಾಂಶ ಮೀಟರ್ ಹಾಕಿಸಿ, ಶೇಕಡ ಹನ್ನೊಂದು ಬಂದ್ರೆ ಸರಿ. ಆದ್ರೆ ಹೊಳೆ ಮಧ್ಯದ ಗೋಡೌನಲ್ಲಿ ಇಟ್ರೆ ಅದು ಮತ್ತೆ ಏರುತ್ತೆ, ಚೀಲ ನೆಲಕ್ಕೆ ತಾಗಬಾರ್ದು, ಮರದ ಹಲಗೆ ಮೇಲಿಡಿ, ಗೋಡೆಗೂ ಒರಗಿಸ್ಬೇಡಿ. 2021ರ ಜನವರಿ ಮಳೇಲಿ ನಮ್ಮ ಅರ್ಧ ಕಣ ಬೂಷ್ಟು ಹಿಡಿದು ಹೋಯ್ತು, ಆವತ್ತಿಂದ ಟಾರ್ಪಲ್ ವಿಷಯದಲ್ಲಿ ನಾನು ಯಾರ ಮಾತೂ ಕೇಳಲ್ಲ.

ಇನ್ನೊಂದು, ಪಕ್ಕದ ತೋಟದವರು ಸ್ಪ್ರಿಂಕ್ಲರ್ ಶುರು ಮಾಡಿದ್ರು ಅಂತ ನೀವೂ ಶುರು ಮಾಡ್ಬೇಡಿ. ಹೊಳೆ ಮನೆ ಬಾಗಿಲಲ್ಲೇ ಇದೆ, ಪಂಪ್ ಹಾಕೋದು ಸುಲಭ, ಕೈ ತುರಿಸುತ್ತೆ. ಕೊಯ್ಲು ಮುಗಿಯೋ ಮುಂಚೆ ನೀರು ಕೊಟ್ರೆ ಒಂದೇ ರೆಂಬೇಲಿ ಹಣ್ಣೂ ಹೂವೂ ಕೂತು, ಕೊಯ್ಯೋರು ಹಣ್ಣಿನ ಜೊತೆ ಮೊಗ್ಗೂ ಉದುರಿಸ್ತಾರೆ, ಮುಂದಿನ ವರ್ಷದ ಫಸಲು ನೆಲಕ್ಕೆ. ಗಿಡ ಬಾಯಾರಿ ಎಲೆ ಸ್ವಲ್ಪ ಬಾಡಿ ನಿಲ್ಲಲಿ, ಆಮೇಲೆ ಕೊಟ್ಟ ನೀರಿಗೆ ಎಂಟೊಂಬತ್ತು ದಿನಕ್ಕೆ ಎಲ್ಲಾ ಒಟ್ಟಿಗೆ ಅರಳುತ್ತೆ. ಅರಳಿದ ದಿನ ಮಾತ್ರ ನೀರು ಹಾಯಿಸ್ಬೇಡಿ, ಪರಾಗ ತೊಳೆದು ಹೋಗುತ್ತೆ. ರೋಬಸ್ಟಾಗೆ ಬೇರೆ ಗಿಡದ ಪರಾಗನೇ ಬೇಕು, ಗಾಳಿ ಮತ್ತೆ ಜೇನು ತಂದುಕೊಡ್ಬೇಕು.

ಹಾರಂಗಿ ಹಿನ್ನೀರು (ಫೆಬ್ರವರಿ 4)

ನಮ್ದು ಹಿನ್ನೀರಿನ ಕಥೆ, ನಿಮ್ಮಷ್ಟು ಕಷ್ಟ ಇಲ್ಲ. ಹಾರಂಗಿ ಡ್ಯಾಮ್ ಪೂರ್ತಿ, ಅಂದ್ರೆ ಸಮುದ್ರಮಟ್ಟದಿಂದ 2859 ಅಡಿಗೆ ತುಂಬಿದಾಗ ನಮ್ಮ ಹಿಂದಿನ ಗುಡ್ಡ ನಡುಗಡ್ಡೆ, ನಾಲೆಗೆ ನೀರು ಬಿಟ್ಟು ಬಿಟ್ಟು ಈಗ ಅಲ್ಲಿಗೆ ಕಾಲಲ್ಲಿ ಹೋಗಿ ಬರ್ತೀವಿ. ಚಳಿ ಮುಗಿಯೋ ಹೊತ್ತಿಗೆ ಮುಳುಗಿದ್ದ ಹಳೇ ಗಾಡಿದಾರಿ ಮೇಲೇಳುತ್ತೆ, ಎರಡೂ ಪಕ್ಕ ಮರದ ಬುಡಗಳು ಕಪ್ಪಗೆ ನಿಂತಿರ್ತವೆ. ನಮ್ಮಜ್ಜಿ ಬದುಕಿರೋ ತನಕ ವರ್ಷಕ್ಕೊಂದು ಸಲ ಆ ದಾರೀಲಿ ನಡ್ಕೊಂಡು ಹೋಗಿ ಅವರ ತವರುಮನೆ ಇದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಕೂತು ಬರ್ತಿದ್ರು, ಅಲ್ಲಿ ಈಗ ಕೆಸರು ಬಿಟ್ಟು ಏನಿಲ್ಲ, ಅವ್ರಿಗೆ ಮಾತ್ರ ಇಲ್ಲಿ ಹಿತ್ತಲು ಇಲ್ಲಿ ಬಾವಿ ಅಂತ ಗೊತ್ತಾಗ್ತಿತ್ತು. ಕೆಸರಲ್ಲಿ ಹುಷಾರು, ಮೇಲೆ ಒಣಗಿ ಬಿರುಕು ಬಿಟ್ಟಿರುತ್ತೆ ಒಳಗೆ ಸೊಂಟದ ತನಕ ಹೂತುಹೋಗುತ್ತೆ, ಹಸು ಬಿಡ್ಬೇಡಿ.

ಕುಡಿಯೋ ನೀರಿಗೆ ಒಂದು ದಾರಿ ಹೇಳ್ತೀನಿ, ಹೊಳೆಯಿಂದ ಹತ್ತು ಹೆಜ್ಜೆ ಈಚೆ ಮರಳಲ್ಲಿ ಮೂರಡಿ ತೋಡಿ ಒರತೆ ಮಾಡಿ, ಮರಳಲ್ಲಿ ಸೋಸಿ ಬರೋ ನೀರು ತಿಳಿಯಾಗಿರುತ್ತೆ. ಆದ್ರೂ ಪಲ್ಪರ್ ನೀರು ಸೇರಿದೆ ಅಂತ ಅನುಮಾನ ಇದ್ರೆ ಅದನ್ನೂ ಕುಡೀಬೇಡಿ, ಹಸುಗೂ ಬೇಡ. ಬಾಟ್ಲೀಲಿ ನೀರು ಹಿಡಿದು ಫೋಟೋ ತೆಗೆದು ತಾರೀಖು ಬರೆದು ಪಂಚಾಯ್ತಿಗೆ ಕೊಡಿ, ಬಾಯಲ್ಲಿ ಹೇಳಿದ್ರೆ ಯಾರೂ ಬರಲ್ಲ. ಇಡೀ ಕೆಳಗಿನ ಊರುಗಳು ಕುಡಿಯೋ ಹೊಳೆಗೆ ಸಿಪ್ಪೆ ಕೊಳೆತ ನೀರು ಬಿಡೋದು ದೊಡ್ಡ ಅನ್ಯಾಯ, ಅದೂ ನೀರು ಕಮ್ಮಿ ಆಗಿರೋ ಈ ಎರಡು ತಿಂಗಳಲ್ಲಿ.

ಮಂಗಟ್ಟೆ (ಫೆಬ್ರವರಿ 5)

ಆನೆ ವಿಷಯ ಯಾರೂ ಹೇಳಿಲ್ಲ. ನೀರು ಮೊಣಕಾಲಿಗೆ ಬಂತು ಅಂದ್ರೆ ನಿಮಗೆ ದಾರಿ ಆದಂಗೆ ಅವಕ್ಕೂ ದಾರಿ ಆಯ್ತು. ಹಣ್ಣು ಕಾಫಿ ರುಚಿ ಹತ್ತಿರೋ ಆನೆಗಳು ಕೊಯ್ಲು ಮುಗಿಯೋ ತನಕ ಬರ್ತಾನೇ ಇರ್ತವೆ, ಆಮೇಲೆ ಹಲಸು ಶುರುವಾಗುತ್ತೆ. ಸಂಜೆ ಆರರಿಂದ ಬೆಳಿಗ್ಗೆ ಏಳರ ತನಕ ಲೈನ್ ಮನೆಯವರನ್ನ ಹೊಳೆಗೆ ಕಳಿಸ್ಬೇಡಿ, ಬಯಲಿಗೆ ಹೋಗೋಕೂ ಬೇಡ, ಕಕ್ಕಸು ಇಲ್ಲದಿದ್ರೆ ಮೊದಲು ಅದನ್ನ ಕಟ್ಟಿಸಿ. ಲದ್ದಿ ಬಿಸಿ ಇದ್ರೆ ಆನೆ ತೋಟದೊಳಗೇ ಇದೆ ಅಂತ ತಿಳ್ಕೊಂಡು ಅವತ್ತು ಕೊಯ್ಲಿಗೆ ರಜೆ ಕೊಡಿ, ಅರಣ್ಯ ಇಲಾಖೆಯವರಿಗೆ ಹೇಳಿ. ಒಂದು ದಿನದ ಕೂಲಿ ಹೋಗಲಿ.

ಇನ್ನು ನಿಮ್ಮ ಬರಹ ಓದಿ ಒಂದು ಕೇಳ್ಬೇಕು ಅನ್ನಿಸ್ತು. ಬಂಡೆ ಮೇಲೆ ಮೀನಿನ ಹುರುಪೆ ತುಂಬಿರೋ ಹಿಕ್ಕೆ ಒಂದೇ ಜಾಗದಲ್ಲಿ ಬೀಳ್ತಿದೆಯಾ ನೋಡಿ, ಇದ್ರೆ ನೀರುನಾಯಿ ಇದೆ, ಬೆಳಿಗ್ಗೆ ಮಂಜು ಬಿಡೋ ಹೊತ್ತಿಗೆ ಗುಂಪಾಗಿ ಈಜೋದು ಕಾಣುತ್ತೆ. ಹಳೇ ದೊಡ್ಡ ಮರ ಇದ್ರೆ ಪೊಟರೆ ಕಡೆನೂ ಕಣ್ಣಿಡಿ. ಈಗ ಮಂಗಟ್ಟೆ (ದೊಡ್ಡ ಕೊಕ್ಕಿನ ಹಾರ್ನ್‌ಬಿಲ್ ಹಕ್ಕಿ) ಹೆಣ್ಣು ಪೊಟರೆ ಒಳಗೆ ಕೂತು ಬಾಗಿಲು ಮುಚ್ಕೊಳ್ಳೋ ಕಾಲ, ಸಣ್ಣ ಸಂದಿ ಬಿಟ್ಟಿರುತ್ತೆ, ಗಂಡು ದಿನವಿಡೀ ಹಣ್ಣು ತಂದು ಅದ್ರಲ್ಲಿ ಕೊಡುತ್ತೆ. ಅಂಥ ಮರ ಇದ್ರೆ ನೆರಳು ಜಾಸ್ತಿ ಆಯ್ತು ಅಂತ ರೆಂಬೆ ಕಡಿಸೋದನ್ನ ದಯವಿಟ್ಟು ಮಳೆಗೆ ಮುಂಚಿನ ತನಕ ಮುಂದೂಡಿ. ಕಡವಿಗೆ ಕಲ್ಲು ಎತ್ತೋವಾಗ ದಡದ ಕಲ್ಲುಗಳ ಮಧ್ಯೆನೂ ನೋಡಿ, ಟಿಟ್ಟಿಭ ಹಕ್ಕಿ ಕೂಗಾಡ್ತಾ ನಿಮ್ಮ ತಲೆ ಮೇಲೆ ಹಾರಾಡಿದ್ರೆ ಅಲ್ಲೇ ಎಲ್ಲೋ ಮೊಟ್ಟೆ ಇಡೋ ಜಾಗ ನೋಡಿದೆ ಅಂತ ಅರ್ಥ, ಮೊಟ್ಟೆ ಕಲ್ಲಿನ ಬಣ್ಣನೇ ಇರುತ್ತೆ, ತುಳಿದ್ರೂ ಗೊತ್ತಾಗಲ್ಲ.

ಬೇತ್ರಿಯಿಂದ ಕೆಳಗೆ (ಫೆಬ್ರವರಿ 5)

ಅಕ್ಕ ಒಂದು ಮಾತು ಮರೆತಿದ್ದೆ. ನಿಮ್ಮ ಅತ್ತೆ ಇದ್ದಾರಾ? ಇದ್ರೆ ಅವರನ್ನ ಕೇಳಿದ್ರಾ?

ಹೊಳೆನಡುವಿನ ಮನೆ (ಫೆಬ್ರವರಿ 9)

ಎಲ್ರಿಗೂ ತುಂಬ ಥ್ಯಾಂಕ್ಸ್. ಉತ್ತರ ಕೊಡೋಕೆ ತಡ ಆಯ್ತು, ಟವರ್ ಸಿಗೋದು ಕೊಟ್ಟಿಗೆ ಹಿಂದೆ ಮಾತ್ರ.

ಅತ್ತೆ ಇದ್ದಾರೆ. ಕೇಳಿರ್ಲಿಲ್ಲ. ಮಾವ ಹೋದ್ಮೇಲೆ ಅವರ ವಿಷಯ ಎತ್ತಿದ್ರೆ ಅತ್ತೆಗೆ ನೋವಾಗುತ್ತೆ ಅಂತ ನಾವಿಬ್ರೂ ಸುಮ್ನಿದ್ವಿ. ನೀವು ಕೇಳಿದ್ಮೇಲೆ ಮೊನ್ನೆ ಸಂಜೆ ಬೆಲ್ಲದ ಕಾಫಿ ಕೊಟ್ಟು ಮೆಲ್ಲಗೆ ಕೇಳ್ದೆ, ಅತ್ತೆ ಲೋಟ ಕೆಳಗಿಟ್ಟು ಸೀದಾ ಹೊಳೆಗೆ ಇಳಿದ್ರು. ಹನ್ನೊಂದನೇ ಮೆಟ್ಟಿಲು ನೋಡೋದಲ್ಲಂತೆ, ಹೊಳೆಮತ್ತಿ ಮರದ ಬೇರು ಒಂದು ನೀರಿಗೆ ಚಾಚಿದೆ, ಅದರ ಕೆಳಗಿಂದ ಬೆಳಕು ಕಾಣ್ಬೇಕಂತೆ, ಆಮೇಲೆ ನೀರು ಇಳಿಯಲ್ಲ. ಮಾವ ಕೆಲಸದವರನ್ನ ಕರ್ಕೊಂಡು ಕಟ್ಟಿಸೋರು ನಿಜ, ಆದ್ರೆ ಮೂವತ್ತೆರಡು ವರ್ಷ ದಿನಾ ಬೆಳಿಗ್ಗೆ ಹಾಲಿನ ಕ್ಯಾನ್ ತಗೊಂಡು ಆ ಕವಲು ದಾಟಿ ಡೈರಿಗೆ ಹೋಗ್ತಿದ್ದಿದ್ದು ಅತ್ತೆ. ಇವತ್ತು ಕಟ್ಟಬಹುದು ಅಂತ ಮಾವನಿಗೆ ಹೇಳ್ತಿದ್ದಿದ್ದೂ ಅವರೇ ಅಂತೆ. ನನಗೆ ಅಳು ಬಂತು, ನಾಲ್ಕು ತಿಂಗಳಿಂದ ನಾನು ಮೆಟ್ಟಿಲು ಎಣಿಸ್ತಿರೋದನ್ನ ಅವ್ರು ಅಡುಗೆಮನೆ ಕಿಟಕಿಯಿಂದ ನೋಡ್ತಾನೇ ಇದ್ರು.

ಟಾರ್ಪಲ್ ಈಗ ಹತ್ತೂಕಾಲಿಗೆ ತೆಗೀತೀವಿ, ವ್ಯತ್ಯಾಸ ಕಾಣ್ತಿದೆ. ನೀರುನಾಯಿ ಹಿಕ್ಕೆ ಸಿಕ್ತು, ಸಣ್ಣ ಮರಿನೂ ಇದೆ ಅಂತ ಕೆಲಸದವರ ಹುಡುಗ ಹೇಳ್ತಿದ್ದಾನೆ, ನಾನಿನ್ನೂ ನೋಡಿಲ್ಲ. ನೀರಿನ ಬಾಟ್ಲಿ ಎರಡು ಹಿಡಿದಿಟ್ಟಿದ್ದೀನಿ, ನಾಳೆ ಪಂಚಾಯ್ತಿಗೆ ಹೋಗ್ತೀನಿ.

ಕಣದ ಕಾವಲು (ಫೆಬ್ರವರಿ 9)

ಅತ್ತೆಯವರಿಗೆ ನಮಸ್ಕಾರ ಹೇಳಿ. ಅವ್ರು ಹೇಳಿದ್ದನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ, ಬೇರಿನ ಫೋಟೋನೂ ತೆಗೆದಿಡಿ.

ಹೊಳೆನಡುವಿನ ಮನೆ (ಮಾರ್ಚ್ 1)

ಕೇಳಿದೋರಿಗೆ ಹೇಳ್ಬೇಕು ಅಂತ ಬರೀತಿದ್ದೀನಿ. ಬೇರಿನ ಕೆಳಗೆ ಬೆಳಕು ಕಾಣ್ತು, ಆರು ಜನ ಸೇರಿ ಎರಡು ದಿನದಲ್ಲಿ ಕಡವು ಕಟ್ಟಿದ್ವಿ, ಹಳೇ ಕಲ್ಲೆಲ್ಲ ಇಪ್ಪತ್ತು ಮಾರು ಕೆಳಗೇ ಸಿಕ್ಕಿದ್ವು. ಮಧ್ಯೆ ಪೈಪ್ ಇಡೋವಾಗ ಅತ್ತೆ ದಡದಲ್ಲಿ ಕುರ್ಚಿ ಹಾಕ್ಕೊಂಡು ಕೂತು ಇನ್ನೊಂಚೂರು ಎಡಕ್ಕೆ ಅಂತ ಹೇಳ್ತಾ ಇದ್ರು. ನಿನ್ನೆ ತನಕ 48 ಚೀಲ ಆಚೆ ಹೋಗಿದೆ, ಉಳಿದದ್ದು ಕಣದಲ್ಲಿದೆ, ಕುಲುಕಿದ್ರೆ ಗಲಗಲ ಅಂತಿದೆ, ಇನ್ನೆರಡು ದಿನ ಸಾಕು.

ಇವತ್ತು ಮಧ್ಯಾಹ್ನದಿಂದ ಪಡುವಣ ಕಡೆ ಮೋಡ ಕಟ್ಟಿದೆ. ತೋಟಕ್ಕೆ ಬೇಕಾದ ಮಳೆನೇ, ಕಣಕ್ಕೆ ಬೇಡದ ಮಳೆ. ನಾಪೋಕ್ಲಲ್ಲಿ ನಮಗೆ ಯಾರೂ ಪರಿಚಯ ಇಲ್ಲ, ಬೇತ್ರಿ ತಮ್ಮ ಓದ್ತಿದ್ರೆ ನಿಮ್ಮ ಅತ್ತಿಗೇನ ಕೇಳಿ ಇಲ್ಲಿ ಒಂದು ಮಾತು ಹಾಕಿ, ಗಾಡಿ ಈಗ ಮನೆ ಕಡೆ ದಡದಲ್ಲೇ ಇದೆ.

ಬೇತ್ರಿಯಿಂದ ಕೆಳಗೆ (ಮಾರ್ಚ್ 1)

ಅತ್ತಿಗೆ ಹತ್ರ ಈಗ ಮಾತಾಡಿದೆ, ಅಲ್ಲಿ ನಾಲ್ಕು ಗಂಟೆಯಿಂದ ಜೋರು ಹೊಡೀತಿದೆಯಂತೆ. ಗಾಡಿ ಈಗ್ಲೇ ದಾಟಿಸಿಬಿಡಿ ಅಕ್ಕ, ಟಾರ್ಪಲ್ ಎರಡು ಪದರ ಹಾಕಿ.